ಎರಡು ಸೀಟು, ನಾಲ್ಕು ಬಾಗಿಲು

ನಮ್ಮಣ್ಣನನ್ನು ಊರಿನವರೆಲ್ಲ ಕರೆಯುವುದು ಬ್ರೇಕ್ ಮೇಷ್ಟ್ರು ಅಂತ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಗಾಬರಿಯಾದಾಗ ಮೇಷ್ಟ್ರು ಒತ್ತುವುದಕ್ಕೆ. ಅದರ ಮೇಲೆ ಬಲಗಾಲು ಇಟ್ಟುಕೊಂಡೇ ಅವನ ಹರೆಯ ಕಳೆಯಿತು, ಕೂದಲೂ ಹಣ್ಣಾಯಿತು. ಮನೆಗೆ ಬಂದ ಮೇಲಾದರೂ ಆ ಕಾಲು ಸುಮ್ಮನಿರಬೇಕೋ ಬೇಡವೋ? ಟೀವಿಯಲ್ಲಿ ಕಾರ್ ರೇಸ್ ನೋಡುವಾಗ ಪ್ರತಿ ತಿರುವಿಗೂ ಇವನು ಸೋಫಾದಲ್ಲಿ ಕೂತು ಬ್ರೇಕ್ ಒತ್ತುತ್ತಾನೆ. ಸೋಫಾದ ಮುಂದಿನ ಕಾರ್ಪೆಟ್ ಒಂದೇ ಜಾಗದಲ್ಲಿ ಸವೆದು ತೂತಾಗಿದೆ. ಇದು ಮೂರನೆಯ ಕಾರ್ಪೆಟ್.

ಕೂತಲ್ಲಿ ಕೂರುವ ಜೀವವೇ ಅಲ್ಲ ಅದು. ಊಟದ ನಡುವೆ ನಾಲ್ಕು ಸಲ ಏಳುತ್ತಾನೆ. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ನೋಡುತ್ತಾನೆ, ಬಾಗಿಲ ಚಿಲಕ ನೋಡುತ್ತಾನೆ, ಬಂದು ಕೂತು ಒಂದು ತುತ್ತು ತಿಂದು ಮತ್ತೆ ಚಿಲಕ. "ಅಣ್ಣ, ಆ ಚಿಲಕಕ್ಕೇನು ಕಾಲು ಬಂದಿದ್ಯಾ, ಓಡಿ ಹೋಗೋಕೆ?" ಅಂತ ನಾನು ರೇಗುತ್ತೇನೆ. "ನೋಡಿದ್ರೆ ಏನು ನಷ್ಟ ಪುಟ್ಟಿ?" ಅನ್ನುತ್ತಾನೆ. ನನಗೆ ನಲವತ್ತೆಂಟು ವರ್ಷ. ಇನ್ನೂ ಪುಟ್ಟಿ.

ಇಂಥವನ ಮಂಚದ ಕೆಳಗೆ ಏನಿದೆ ಅಂತೀರಿ? ಕಾರುಗಳ ಮ್ಯಾಗಜೀನು. ಒಂದಲ್ಲ ಎರಡಲ್ಲ, ಆರು ಪೆಟ್ಟಿಗೆ. ಯಾವ ಕಾರು ನಿಂತಲ್ಲಿಂದ ನೂರರ ವೇಗಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗುತ್ತದೆ ಅಂತ ಕೇಳಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸರಿ, ಪಟಪಟ ಹೇಳುತ್ತಾನೆ. ತಾನು ಮಾತ್ರ ಜನ್ಮದಲ್ಲಿ ಅರವತ್ತು ದಾಟಿದವನಲ್ಲ. ಕನ್ನಡಿ ನೋಡು, ಸೂಚನೆ ಕೊಡು, ಆಮೇಲೆ ತಿರುಗಿಸು. ಆರು ಸಾವಿರ ಜನಕ್ಕೆ ಅದನ್ನೇ ಹೇಳಿಕೊಟ್ಟ.

ಹೋದ ವರ್ಷ ಅವನ ಬಲ ಮಂಡಿ ಪೂರ್ತಿ ಸವೆಯಿತು. ದಿನವಿಡೀ ಆ ಪೆಡಲ್ ಒತ್ತಿದರೆ ಇನ್ನು ನಡೆಯುವುದೂ ಕಷ್ಟ ಅಂದರು ಡಾಕ್ಟರು. ಸ್ಕೂಲು, ಮೂರು ಕಾರು, ಬೋರ್ಡು ಎಲ್ಲವನ್ನೂ ತನ್ನ ಕೈಕೆಳಗಿದ್ದವನಿಗೇ ಮಾರಿದ. ಎಷ್ಟು ಬಂತು ಅಂತ ನಾನು ಕೇಳಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, ಕಪ್ಪಿನೊಳಗೆ ನೋಡುತ್ತಾ, "ನಾನೊಂದು ಕಾರು ತಗೋಬೇಕು ಅಂತಿದ್ದೀನಿ. ಜೋರಾಗಿ ಹೋಗೋದು" ಅಂದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು ಇವನ ಕಥೆ. ನಾನು ನಕ್ಕೆ. ಅತ್ತಿಗೆ ನಗಲಿಲ್ಲ. "ತಗೊಳ್ಳಿ" ಅಂದಳು, ಅಷ್ಟೇ.

ಅತ್ತಿಗೆಯ ವಿಷಯ ಹೇಳಬೇಕು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮದುವೆಗೆ ಮುಂಚೆ ಅಣ್ಣನ ಹತ್ತಿರ ಡ್ರೈವಿಂಗ್ ಕಲಿಯಲು ಬಂದಿದ್ದಳು. ಮೂರನೆಯ ದಿನ ಇವನು ಮನೆಗೆ ಬಂದು ಅಮ್ಮನ ಹತ್ತಿರ, "ಒಬ್ಬಳು ಬಂದಿದ್ದಾಳಮ್ಮ, ಅವಳ ಪಕ್ಕ ಕೂತ್ರೆ ನನ್ನ ಕಾಲಿಗೆ ಕೆಲಸವೇ ಇಲ್ಲ" ಅಂದನಂತೆ. ನಮ್ಮ ಮನೆಯಲ್ಲಿ ಯಾರೂ ಇದಕ್ಕಿಂತ ದೊಡ್ಡ ಪ್ರೇಮದ ಮಾತು ಆಡಿದ್ದು ನಾನು ಕೇಳಿಲ್ಲ. ಮದುವೆಯಾಯಿತು. ಆಮೇಲೆ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ. ವಾರವಿಡೀ ಕಾರುಗಳು ಕಲಿಯುವವರ ಕೈಯಲ್ಲಿ, ಭಾನುವಾರ ಅಣ್ಣನ ಕೈಯಲ್ಲಿ.

ಇನ್ನು ನಾನು. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ನನ್ನ ಮದುವೆ ಹನ್ನೊಂದು ತಿಂಗಳು ಬಾಳಿತು. ಆಮೇಲೆ ಎರಡು ತಿಂಗಳಿದ್ದು ಹೋಗೋಣ ಅಂತ ಅಣ್ಣನ ಮನೆಗೆ ಬಂದೆ. ಅವರ ಮದುವೆಯಾಗಿ ಆಗ ವರ್ಷವೂ ತುಂಬಿರಲಿಲ್ಲ. ಆ ಎರಡು ತಿಂಗಳಿಗೆ ಈಗ ಇಪ್ಪತ್ತೊಂದು ವರ್ಷ. ಅವರಿಗೆ ಮಕ್ಕಳಾಗಲಿಲ್ಲ, ನನಗೆ ಬೇರೆ ಮನೆಯಾಗಲಿಲ್ಲ. ಎಲ್ಲಿಗೆ ಹೋದರೂ ಮೂವರೂ ಹೋಗುತ್ತಿದ್ದೆವು. ಮುಂದೆ ಅವರಿಬ್ಬರು, ಹಿಂದೆ ನಾನು. ನನಗೆ ಮಾತು ಜಾಸ್ತಿ. ಎರಡು ಸೀಟಿನ ನಡುವೆ ತಲೆ ತೂರಿಸಿ ಹೋಗುವ ತನಕ, ಬರುವ ತನಕ ಮಾತು.

ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿ ಒಬ್ಬನಿದ್ದಾನೆ, ಅಣ್ಣನ ಹಳೆಯ ಶಿಷ್ಯ. ಅವನ ಅಂಗಳದಲ್ಲಿ ಆಗ ಎರಡು ಕಾರು ಇದ್ದವು. ಒಂದು ಕಪ್ಪು ಸೆಡಾನ್. ನಾಲ್ಕು ಬಾಗಿಲು, ಐದು ಸೀಟು, ಹಿಂದೆ ದೊಡ್ಡ ಡಿಕ್ಕಿ. ನೋಡಲು ಸಾಧು, ದಿನಾ ಆಫೀಸಿಗೆ ಹೋಗಿಬರುವ ಕಾರಿನ ಹಾಗೆ. ಆದರೆ ಎಂಜಿನ್ ಶುರು ಮಾಡಿದರೆ ಪಕ್ಕದ ತಗಡಿನ ಗೋಡೆ ಗಡಗಡ ಅನ್ನುತ್ತಿತ್ತು. ಇನ್ನೊಂದು ಬೂದು ಬಣ್ಣದ ಸ್ಪೋರ್ಟ್ಸ್ ಕಾರು. ನನ್ನ ಸೊಂಟದ ಎತ್ತರವೂ ಇಲ್ಲ. ಬಟನ್ ಒತ್ತಿದರೆ ಮೇಲಿನ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ಸೀಟು ಎರಡೇ.

ನಾನು ಬಗ್ಗಿ ನೋಡಿದೆ. ಸೀಟಿನ ಹಿಂದೆ ಒಂದು ಕೈಚೀಲ ಇಡುವಷ್ಟು ಜಾಗ. ಅಷ್ಟೇ.

ಇದು ಬರೀ ಕಾರಿನ ಮಾತಲ್ಲ ಅಂತ ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಎರಡು ಸೀಟಿನ ಕಾರು ಮನೆಗೆ ಬಂದರೆ ನಾನು ಎಲ್ಲಿ ಕೂರಲಿ? ಇವತ್ತು ಕಾರಿನಲ್ಲಿ ಜಾಗವಿಲ್ಲ, ನಾಳೆ?

"ಎರಡನ್ನೂ ಓಡಿಸಿ ನೋಡಿ ಮೇಷ್ಟ್ರೇ. ಶನಿವಾರದ ತನಕ ಯಾರಿಗೂ ಕೊಡಲ್ಲ" ಅಂದ ವ್ಯಾಪಾರಿ.

ಮೊದಲು ಸೆಡಾನ್. ವ್ಯಾಪಾರಿ ಮುಂದೆ, ನಾನು, ಅತ್ತಿಗೆ ಹಿಂದೆ. ಅಣ್ಣ ಸೀಟು ಸರಿ ಮಾಡಿಕೊಂಡ, ಕನ್ನಡಿ ಸರಿ ಮಾಡಿಕೊಂಡ, ಬೆಲ್ಟ್ ಎಳೆದು ನೋಡಿದ, ಇನ್ನೊಮ್ಮೆ ಕನ್ನಡಿ. ಆಮೇಲೆ ಆ ಕುದುರೆಯಂಥ ಗಾಡಿಯನ್ನು ಬಸವನಹುಳದ ಹಾಗೆ ಓಡಿಸಿದ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿಕೊಂಡು ಹೋಗಿ, ತಿರುಗಿ ನೋಡಿ, ಮತ್ತೆ ಹೋದ.

"ಮೇಷ್ಟ್ರೇ, ಸ್ವಲ್ಪ ಒತ್ತಿ" ಅಂದ ವ್ಯಾಪಾರಿ.

"ಒತ್ತಿದ್ದೀನಪ್ಪ."

"ಆಕ್ಸಿಲರೇಟರ್ ಒತ್ತಿ ಸಾರ್!"

ನಾನು ಬಿದ್ದು ಬಿದ್ದು ನಕ್ಕೆ. ಹಿಂದಿನ ಸೀಟು ಮೆತ್ತಗಿತ್ತು, ಕಾಲು ಚಾಚಲು ಜಾಗವಿತ್ತು. ನನಗೆ ಆ ಕಾರಿನ ಮೇಲೆ ಬಹಳ ಪ್ರೀತಿ ಬಂತು.

ಆಮೇಲೆ ಸ್ಪೋರ್ಟ್ಸ್ ಕಾರು. ಅಲ್ಲಿ ಅಣ್ಣ ಒಂದು ತಪ್ಪು ಮಾಡಿದ. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ, ಏನೋ ಯೋಚನೆ ಮಾಡುತ್ತಾ ಸೀದಾ ಹೋಗಿ ಪಕ್ಕದ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟ. ಅಷ್ಟು ತಗ್ಗಿನ ಸೀಟು, ಆ ಮಂಡಿ ಇಟ್ಟುಕೊಂಡು ಮತ್ತೆ ಏಳುವುದು ಸುಲಭವೇ? ಎದ್ದೇಳಲು ಎರಡು ಸಲ ನೋಡಿದ, ಆಗಲಿಲ್ಲ. ವ್ಯಾಪಾರಿ ಕೀ ಹಿಡಿದುಕೊಂಡು ಒಂದು ಗಳಿಗೆ ನಿಂತ, ಆಮೇಲೆ ನಗುತ್ತಾ ಅತ್ತಿಗೆಯ ಕೈಯಲ್ಲಿ ಕೊಟ್ಟ.

"ಅಯ್ಯೋ, ನಾನಾ?" ಅಂದಳು ಅತ್ತಿಗೆ. ಬೇಡ ಅನ್ನುತ್ತಾಳೆ ಅಂದುಕೊಂಡೆ. ಅವಳು ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಬರಿಗಾಲಲ್ಲಿ ಕೂತು, ಗೇಟು ದಾಟಿ ಹೋಗಿಯೇಬಿಟ್ಟಳು.

ಹತ್ತು ನಿಮಿಷ ಅಂದಿದ್ದರು. ನಲವತ್ತು ನಿಮಿಷ ಆಯಿತು. ನಾನು ಅತ್ತಿಗೆಯ ಚಪ್ಪಲಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತೆ. ವ್ಯಾಪಾರಿ ಪ್ಲಾಸ್ಟಿಕ್ ಕುರ್ಚಿ ಹಾಕಿದ, ಕೂರಲಿಲ್ಲ. ಟೀ ತರಿಸಿದ, ಆರಿಹೋಯಿತು. ಎದುರಿನ ಟೈರ್ ಅಂಗಡಿಯವನು ಒಂದು ಟೈರ್ ಬಿಚ್ಚಿ, ಪಂಕ್ಚರ್ ಹಾಕಿ, ಮತ್ತೆ ಕೂರಿಸಿ ಮುಗಿಸಿದ. ಎಲ್ಲಾದರೂ ಗುದ್ದಿದರೇನೋ ಅಂತ ಮೊದಲು ಭಯ. ಆಮೇಲೆ ಬಂದ ಭಯ ಅದಕ್ಕಿಂತ ಕೆಟ್ಟದು. ಏನೂ ಆಗಿಲ್ಲ, ಆರಾಮಾಗಿದ್ದಾರೆ, ನಾನಿಲ್ಲ ಅನ್ನುವುದೇ ಅವರಿಗೆ ಗೊತ್ತಾಗುತ್ತಿಲ್ಲ. ಥೂ, ಎಂಥಾ ಬುದ್ಧಿ ನನ್ನದು ಅಂತ ನನ್ನನ್ನೇ ಬೈದುಕೊಂಡೆ. ಬೈದರೆ ಹೋಗುತ್ತದೆಯೇ?

ಬಂದರು. ಛಾವಣಿ ತೆಗೆದಿತ್ತು. ಅತ್ತಿಗೆಯ ಕೂದಲು ಮುಖದ ತುಂಬಾ, ಕೆನ್ನೆ ಕೆಂಪು. ಕೂತಲ್ಲಿ ಕೂರದ ನಮ್ಮಣ್ಣ ಎರಡೂ ಕೈ ತಲೆಯ ಹಿಂದೆ ಇಟ್ಟುಕೊಂಡು ಒರಗಿ ಕೂತಿದ್ದ. ಅವನನ್ನು ಹಾಗೆ ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಎಷ್ಟು ಹೊತ್ತು! ಪ್ರಾಣ ಹೋಯ್ತು ನಂದು" ಅಂದೆ.

"ಅಯ್ಯೋ, ಪುಟ್ಟಿ" ಅಂದಳು ಅತ್ತಿಗೆ, ಆಗ ತಾನೇ ನಿದ್ದೆಯಿಂದ ಎದ್ದವಳ ಹಾಗೆ.

ಮುಂದಿನ ಐದು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಅಣ್ಣ ಎರಡು ದೋಣಿಯಲ್ಲಿ ಕಾಲಿಟ್ಟವನ ಹಾಗೆ ಒದ್ದಾಡಿದ. ಬೆಳಿಗ್ಗೆ ಸೆಡಾನ್, ಮಧ್ಯಾಹ್ನ ಸ್ಪೋರ್ಟ್ಸ್, ಸಂಜೆ ಮತ್ತೆ ಸೆಡಾನ್. ಎರಡು ಮ್ಯಾಗಜೀನ್ ಅಕ್ಕಪಕ್ಕ ಹಾಕಿಕೊಂಡು ಒಂದರಿಂದ ಇನ್ನೊಂದಕ್ಕೆ ಕಣ್ಣು ಓಡಿಸುತ್ತಾ ನಡುಮನೆಯಲ್ಲಿ ಶತಪಥ. ನಾನೂ ಸುಮ್ಮನಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಸಂದು ಸಿಕ್ಕಾಗಲೆಲ್ಲ ಒಂದು ಮಾತು ತೂರಿಸಿದೆ. ತಟ್ಟೆ ಇಡುವಾಗ, "ಆ ತಗ್ಗಿನ ಕಾರಲ್ಲಿ ಕೂತ್ರೆ ನಿನ್ನ ಎಬ್ಬಿಸೋಕೆ ಕ್ರೇನ್ ತರಿಸ್ಬೇಕು." ಬಟ್ಟೆ ಮಡಚುವಾಗ, "ಬಟ್ಟೆ ಛಾವಣಿ ಅಲ್ವಾ, ಎರಡು ಮಳೆಗೆ ಸೋರುತ್ತೆ ನೋಡು." ತರಕಾರಿ ತಂದಾಗ, "ಈ ಚೀಲ ಎಲ್ಲಿಡ್ತೀಯ, ತೊಡೆ ಮೇಲಾ?" ನಾನೆಲ್ಲಿ ಕೂರಲಿ ಅಂತ ಮಾತ್ರ ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಅಂಗಡಿಯಲ್ಲೂ ಮನಸ್ಸು ನಿಲ್ಲದೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಡೆಗೆ ಅರೆದು ಕೂರಿಸಿದೆ. ಆ ಮನುಷ್ಯ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಗಾಜಿನ ಬಾಗಿಲಿಗೆ ಮೂಗು ಜಜ್ಜಿಕೊಂಡ. ಯಜಮಾನರು ಎಲ್ಲರ ಮುಂದೆ ಬೈದರು. ಬೈಸಿಕೊಂಡೆ.

ಅತ್ತಿಗೆ ನನ್ನ ಪ್ರತಿ ಮಾತಿಗೂ ತಲೆಯಾಡಿಸಿ ತನ್ನ ಕೆಲಸ ನೋಡಿಕೊಂಡಳು. ಅದೇ ನನಗೆ ಹೆಚ್ಚು ಕಸಿವಿಸಿ.

ಶುಕ್ರವಾರ ಊಟಕ್ಕೆ ಕೂತಾಗ ಅಣ್ಣ ಚಿಲಕ ನೋಡಲು ಎದ್ದು ಹೋಗಿ, ಅಲ್ಲೇ ನಿಂತುಕೊಂಡು, "ಪುಟ್ಟಿ, ನೀನೇ ಹೇಳಿಬಿಡು. ಯಾವ್ದು?" ಅಂದ. ಯಾವಾಗಲೂ ಇವನ ರೀತಿಯೇ ಇದು. ಸ್ಟಿಯರಿಂಗ್ ಇನ್ನೊಬ್ಬರ ಕೈಗೆ ಕೊಟ್ಟು, ಬ್ರೇಕ್ ಮಾತ್ರ ತಾನಿಟ್ಟುಕೊಳ್ಳುವುದು. ಬೇರೆ ದಿನವಾಗಿದ್ದರೆ ಜಗಳಕ್ಕೆ ಬೀಳುತ್ತಿದ್ದೆ. ಅವತ್ತು ಬಾಯಿ ತಾನಾಗಿ ತೆರೆಯಿತು.

"ಸೆಡಾನ್. ಮೂವರಿಗೂ ಆಗುತ್ತೆ."

"ಹೌದಲ್ವಾ? ಮೂವರಿಗೂ ಆಗುತ್ತೆ" ಅಂದ ಅಣ್ಣ. ಮುಖ ಅತ್ತಿಗೆಯ ಕಡೆ ತಿರುಗಿತು.

"ಅದೇ ಒಳ್ಳೇದು ಬಿಡಿ" ಅಂದಳು ಅತ್ತಿಗೆ. ತಟ್ಟೆಯಲ್ಲಿ ಅರ್ಧ ಊಟ ಇತ್ತು. ಎತ್ತಿಕೊಂಡು ಹೋಗಿ ನಲ್ಲಿ ಬಿಟ್ಟಳು. ಅಣ್ಣ ವ್ಯಾಪಾರಿಗೆ ಫೋನ್ ಮಾಡಿದ. ಗೆದ್ದೆ ಅನ್ನಿಸಿತು ನನಗೆ. ಗೆದ್ದವರಿಗೆ ನಿದ್ದೆ ಬರಬೇಕಿತ್ತು, ಬರಲಿಲ್ಲ.

ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ವ್ಯಾಪಾರಿ ಸೆಡಾನ್ ತೊಳೆಸಿ ಗೇಟಿನ ಹತ್ತಿರ ತಂದು ನಿಲ್ಲಿಸಿದ್ದ. "ಕಾಗದ ಎಲ್ಲ ಸೋಮವಾರ ಮಾಡೋಣ ಮೇಷ್ಟ್ರೇ, ಗಾಡಿ ಇವತ್ತೇ ತಗೊಂಡೋಗಿ" ಅಂದ. ಅಣ್ಣ ಕೀ ಇಸಿದುಕೊಂಡು ಅತ್ತಿಗೆಯ ಕಡೆ ಚಾಚಿದ. "ನೀನು ಓಡಿಸ್ತೀಯಾ?"

"ಬೇಡ ರೀ. ನೀವೇ ಓಡಿಸಿ" ಅಂದಳು. ಅಂದವಳು ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. "ಪುಟ್ಟಿ, ನೀನು ಮುಂದೆ ಕೂತ್ಕೋ."

"ನಾನ್ಯಾಕೆ? ಅದು ನಿಮ್ಮ ಜಾಗ."

"ಕೂತ್ಕೋ ಪುಟ್ಟಿ. ನಂಗೆ ಹಿಂದೆ ತಿರುಗಿ ತಿರುಗಿ ಮಾತಾಡಿ ಕತ್ತು ನೋವು. ಇಲ್ಲೇ ಆರಾಮ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮುಂದೆ ಕೂತೆ. ಕಾರು ಹೊರಟಿತು. ಅಣ್ಣ ಕನ್ನಡಿ, ಸೂಚನೆ, ತಿರುವು. ನಾನು ಎರಡು ಮಾತು ಆಡಿದೆ. ಹಿಂದಕ್ಕೆ ತಿರುಗಿ ನೋಡಿದೆ. ಅತ್ತಿಗೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು, ಬೇರೆಯವರ ಕಾರಿನಲ್ಲಿ ಸ್ವಲ್ಪ ದೂರಕ್ಕೆ ಅಂತ ಹತ್ತಿದವರು ಕೂರುತ್ತಾರಲ್ಲ, ಹಾಗೆ. ಅವಳದೇ ಕಾರು, ಅವಳದೇ ಗಂಡ. ನಾನು ಇನ್ನೊಮ್ಮೆ ತಿರುಗಿ ನೋಡಿದೆ, ಮತ್ತೊಮ್ಮೆ ನೋಡಿದೆ. ಕತ್ತು ನಿಜವಾಗಿಯೂ ನೋಯಿತು. ಇವಳು ಇದನ್ನು ಇಪ್ಪತ್ತೊಂದು ವರ್ಷ ಮಾಡಿದ್ದಾಳೆ.

"ಅಣ್ಣ, ಗಾಡಿ ನಿಲ್ಸು."

"ಇಲ್ಲಿ ನಿಲ್ಲಿಸೋ ಹಾಗಿಲ್ಲ, ಬೋರ್ಡ್ ಇದೆ."

"ಬೋರ್ಡ್ ಹಾಳಾಗ್ ಹೋಗ್ಲಿ, ನಿಲ್ಸು!"

ಆದರೂ ಅವನು ಬೋರ್ಡ್ ದಾಟಿ, ಸೂಚನೆ ಕೊಟ್ಟು, ಬಸ್ ಸ್ಟಾಪಿನಿಂದ ಸ್ವಲ್ಪ ಮುಂದೆ ಹೋಗಿಯೇ ನಿಲ್ಲಿಸಿದ. ನಾನು ಇಳಿದು ಹಿಂದಿನ ಬಾಗಿಲು ತೆಗೆದೆ.

"ಅತ್ತಿಗೆ, ನಿಮಗೆ ಯಾವ ಕಾರು ಬೇಕಿತ್ತು? ಸುಳ್ಳು ಹೇಳಿದ್ರೆ ನನ್ನಾಣೆ."

"ಈಗ್ಯಾಕೆ ಅದೆಲ್ಲ? ಕೂತ್ಕೋ ಬಾ."

"ನನ್ನಾಣೆ ಅಂದೆ."

"ಆ ಬೂದು ಕಾರೇ ಬೇಕಿತ್ತು" ಅಂದಳು. "ಇಪ್ಪತ್ತೊಂದು ವರ್ಷದಲ್ಲಿ ಆ ನಲವತ್ತು ನಿಮಿಷ ನಾವಿಬ್ರೇ ಇದ್ವಿ ಪುಟ್ಟಿ. ನೀನು ಬೇಡ ಅಂತ ಯಾವತ್ತೂ ಅಂದುಕೊಂಡಿಲ್ಲ, ದೇವರಾಣೆ. ಆದ್ರೆ ಅಷ್ಟು ಹೊತ್ತು ನೀನು ನೆನಪಾಗ್ಲಿಲ್ಲ. ವಾಪಸ್ ಬಂದು ಗೇಟಲ್ಲಿ ನಿನ್ನ ನೋಡಿದ ಮೇಲೇ ನೆನಪಾಯ್ತು."

ಕೇಳಿದ್ದು ನಾನೇ, ಆಣೆ ಹಾಕಿದ್ದೂ ನಾನೇ, ಯಾರನ್ನು ಬೈಯಲಿ? ಅಣ್ಣ ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಾ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಕೇಳಿದ್ದ, ನಾನು ಹೇಳಿದ್ದನ್ನೇ ಮಾಡಿದ್ದ.

"ವಾಪಸ್ ಹೋಗಿ ಬದಲಾಯಿಸ್ಕೊಳ್ಳಿ" ಅಂದೆ. "ಕಾಗದ ಇನ್ನೂ ಆಗಿಲ್ಲ. ಸಂಜೆ ತನಕ ಅದು ಅಲ್ಲೇ ಇರುತ್ತೆ."

"ಮತ್ತೆ ನೀನು?" ಅಂದ ಅಣ್ಣ. ಈಗ ತಿರುಗಿ ನೋಡಿದ.

"ಬಸ್ಸಿದೆ. ಊರಿನ ಅರ್ಧ ಜನ ಅದರಲ್ಲೇ ಓಡಾಡ್ತಾರೆ, ನಾನೇನು ಮಹಾರಾಣಿನಾ? ಅಣ್ಣ, ನೀನು ಇಳಿದು ಪಕ್ಕಕ್ಕೆ ಹೋಗು. ಅತ್ತಿಗೆ, ನೀವು ಮುಂದೆ ಬನ್ನಿ. ಇವನು ಓಡಿಸಿದ್ರೆ ನೀವು ಅಲ್ಲಿ ಸೇರೋದು ಮುಂದಿನ ಶನಿವಾರ."

ಅತ್ತಿಗೆ ಇಳಿದಳು. ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. "ಬೇಜಾರಾ?" ಅಂದಳು.

"ಹೂಂ" ಅಂದೆ. "ಬೇಜಾರೇ. ಆದ್ರೂ ಹೋಗಿ."

ಹೋದರು. ಅತ್ತಿಗೆ ಒಂದೇ ಸಲಕ್ಕೆ ತಿರುಗಿಸಿಕೊಂಡು ಹೋದಳು. ನಾನು ಸ್ಟಾಪಿಗೆ ಬಂದು ನಿಂತೆ. ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ, ಅವರು ಆ ಕಾರಲ್ಲಿ ಹೋಗುವುದನ್ನು ನೋಡಬೇಕಿತ್ತು ಅಷ್ಟೇ. ಕೂತೆ, ಎದ್ದೆ, ರಸ್ತೆಯ ತುದಿಯ ತನಕ ನಡೆದು ಬಂದೆ. ಹಣ್ಣಿನ ಅಂಗಡಿಯವಳು, "ಯಾರಿಗೆ ಕಾಯ್ತಿದ್ದೀರಮ್ಮ?" ಅಂದಳು. "ಯಾರಿಗೂ ಇಲ್ಲ" ಅಂದೆ.

ಅರ್ಧ ಗಂಟೆಗೆ ಬಂದರು. ದೂರದಿಂದಲೇ ಗೊತ್ತಾಯಿತು, ಆ ಬೂದು ಬಣ್ಣ, ತೆರೆದ ಛಾವಣಿ. ಅತ್ತಿಗೆ ಓಡಿಸುತ್ತಿದ್ದಳು. ಅಣ್ಣ ಅವಳ ಕಡೆ ತಿರುಗಿ, ಕೈ ಆಡಿಸಿ ಏನೋ ಹೇಳುತ್ತಿದ್ದ. ಇವನಿಗೆ ಇಷ್ಟು ಮಾತು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಇವನು ಮಾತಾಡಲು ನಾನು ಜಾಗ ಬಿಟ್ಟಿದ್ದರೆ ತಾನೇ? ಅವಳು ನಗುತ್ತಿದ್ದಳು. ನನ್ನ ಮುಂದೆಯೇ, ಹತ್ತು ಅಡಿ ದೂರದಲ್ಲಿ, ದಾಟಿಕೊಂಡು ಹೋದರು. ಇಬ್ಬರೂ ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಿಲ್ಲಿಸುತ್ತಿದ್ದರು. ನಿಲ್ಲಿಸಿ ಮಾಡುವುದೇನು, ಕೂರಿಸಿಕೊಳ್ಳಲು ಜಾಗ ಎಲ್ಲಿತ್ತು?

ನಾನು ಕೈ ಎತ್ತಿದ್ದೆ. ಯಾವಾಗ ಎತ್ತಿದೆನೋ, ಕಾರು ತಿರುವು ದಾಟಿ ಕಾಣದಂತಾದ ಮೇಲೂ ಅದು ಮೇಲೇ ಇತ್ತು. ಹಿಂದೆ ಬರುತ್ತಿದ್ದ ಬಸ್ಸಿನವನು ತನಗೇ ಅಂದುಕೊಂಡು ನಿಲ್ಲಿಸಿದ. "ಬೇಗ ಹತ್ತಮ್ಮ" ಅಂತ ಕಂಡಕ್ಟರ್ ಕೂಗಿದ. ನಮ್ಮ ಮನೆಯ ಕಡೆ ಹೋಗುವ ಬಸ್ಸಲ್ಲ ಅದು. ಹತ್ತಿದೆ.

"ಎಲ್ಲಿಗೆ?"

ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಮುಚ್ಚಿಕೊಳ್ಳಲೂ ಹೋಗಲಿಲ್ಲ. ಈಗಲೇ ಮನೆಗೆ ಹೋಗಿ ಮೂವರಿಗೆ ಕಾಫಿ ಇಡು ಅಂತ ಒಂದು ಮನಸ್ಸು. ಸುಮ್ಮನಿರೇ, ಅವರು ಮನೆಗೆ ಹೋದಾಗ ಒಂದು ಸಲವಾದರೂ ಅಲ್ಲಿ ಯಾರೂ ಇಲ್ಲದೆ ಇರಲಿ ಅಂತ ಇನ್ನೊಂದು.

"ಕೊನೇ ಸ್ಟಾಪಿಗೆ ಕೊಡಪ್ಪ" ಅಂದೆ. ಅದು ಯಾವ ಊರೋ ನನಗೆ ಗೊತ್ತಿರಲಿಲ್ಲ.